ಕಾಡು ಕಡಿದಿಲ್ಲ ಅನ್ನಲು ಪುರಾವೆ ಯಾರು ಕೊಡಬೇಕು? ಯುರೋಪಿನ ಕಾಯ್ದೆ, ನಮ್ಮ ಕಾಫಿ – ಒಂದು ಪ್ರಕರಣ ಅಧ್ಯಯನ

ಯುರೋಪಿಗೆ ಕಾಫಿ ಹೋಗಬೇಕಾದರೆ ಅದು ಯಾವ ತೋಟದಲ್ಲಿ ಬೆಳೆದದ್ದು ಅಂತ ಅಕ್ಷಾಂಶ, ರೇಖಾಂಶ ಸಮೇತ ಹೇಳಬೇಕು. 2020ರ ಡಿಸೆಂಬರ್ 31ರ ನಂತರ ಆ ಜಾಗದಲ್ಲಿ ಕಾಡು ಕಡಿದು ತೋಟ ಮಾಡಿರಬಾರದು. ಬೆಳೆದ ದೇಶದ ಕಾನೂನನ್ನೂ ಮೀರಿರಬಾರದು. ಇದನ್ನೆಲ್ಲ ಪರಿಶೀಲಿಸಿದ್ದೇವೆ ಎಂದು ಆಮದು ಮಾಡುವ ಕಂಪನಿ ಬರೆದುಕೊಡಬೇಕು. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಈ ಅರಣ್ಯನಾಶ ತಡೆ ಕಾಯ್ದೆಯನ್ನು ವ್ಯಾಪಾರದವರೆಲ್ಲ ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿ ಇಯುಡಿಆರ್ ಅಂತ ಕರೆಯುತ್ತಾರೆ.

ಇದು ಜಾರಿ ಆಗಬೇಕಿದ್ದದ್ದು 2024ರ ಡಿಸೆಂಬರ್ 30ರಿಂದ. ಒಂದು ವರ್ಷ ಮುಂದೂಡಿದರು. ಆಮೇಲೆ ಇನ್ನೊಂದು ವರ್ಷ ಮುಂದೂಡಿದರು. ಆ ಕಾಯ್ದೆ ಯಾಕೆ ಬೇಕಾಯಿತು, ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವಿತು, ಏಟು ಬಿದ್ದದ್ದು ಯಾರಿಗೆ ಅನ್ನುವುದು ಈ ಬರಹದ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಉಷ್ಣವಲಯದ ಕಾಡು ಉಳಿಯಬೇಕಾದರೆ ಕೊಳ್ಳುವ ದೇಶಗಳಲ್ಲಿ ಇಂಥ ಕಾಯ್ದೆ ಬೇಕೇ ಬೇಕು. ಆದರೆ ಪುರಾವೆ ಒದಗಿಸುವ ಖರ್ಚನ್ನು ಯಾರು ಹೊರಬೇಕು ಅಂತ ಇದನ್ನು ಬರೆದವರು ತೀರ್ಮಾನಿಸಲಿಲ್ಲ. ಹಾಗೆ ಬಿಟ್ಟ ಖರ್ಚು ಸೀದಾ ಸಣ್ಣ ಬೆಳೆಗಾರರ ಹೆಗಲಿಗೆ ಬಂದು ಕೂತಿದೆ.

ಕಾಯ್ದೆ ಯಾಕೆ ಬೇಕಾಯಿತು

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಂತೆ 1990ರಿಂದ 2020ರವರೆಗೆ ಜಗತ್ತು ಕಳೆದುಕೊಂಡ ಕಾಡು 42 ಕೋಟಿ ಹೆಕ್ಟೇರ್. ಇಡೀ ಯುರೋಪಿಯನ್ ಒಕ್ಕೂಟಕ್ಕಿಂತ ದೊಡ್ಡ ಜಾಗ ಅದು. ಬಹುಪಾಲು ಬೇಸಾಯಕ್ಕೆ, ಹುಲ್ಲುಗಾವಲಿಗೆ ಹೋಯಿತು. ಆ ಬೇಸಾಯದ ಒಂದು ಪಾಲು ದೂರದ ಮಾರುಕಟ್ಟೆಗಾಗಿಯೇ ನಡೆದದ್ದು. ಬೋರ್ನಿಯೊದ ಮಳೆಕಾಡು ಬಿಸ್ಕತ್ತಿನೊಳಗಿನ ಪಾಮ್ ಎಣ್ಣೆಯಾಯಿತು. ದಕ್ಷಿಣ ಅಮೆರಿಕದ ಕಾಡು ಹಂದಿ, ಕೋಳಿಗಳು ತಿನ್ನುವ ಸೋಯಾ ಆಯಿತು.

ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಕಥೆ ಕೇಳಿದರೆ ಇದು ಎಷ್ಟು ಗಂಭೀರ ಅಂತ ತಿಳಿಯುತ್ತದೆ. ಜಗತ್ತಿಗೆ ಅತಿ ಹೆಚ್ಚು ಕೋಕೋ ಕೊಡುವ ದೇಶ ಅದು. 1960ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ತನ್ನ ಕಾಡಿನ ಶೇಕಡ 80ಕ್ಕಿಂತ ಜಾಸ್ತಿ ಭಾಗವನ್ನು ಕಳೆದುಕೊಂಡಿದೆ. ಸಂರಕ್ಷಿತ ಅರಣ್ಯಗಳ ಒಳಗೂ, ರಾಷ್ಟ್ರೀಯ ಉದ್ಯಾನಗಳ ಒಳಗೂ ಕೋಕೋ ಗಿಡ ನೆಟ್ಟರು. ಅಲ್ಲಿಂದ ಬಂದ ಬೀಜ ಬೇರೆ ಬೀಜದ ಜೊತೆ ಬೆರೆತು ಬಂದರಿಗೆ ಹೋಯಿತು. ಬೆರೆತ ಮೇಲೆ ಯಾವುದು ಎಲ್ಲಿಯದು ಅಂತ ಹೇಳುವವರೇ ಇಲ್ಲ. ಆ ಕೋಕೋದ ದೊಡ್ಡ ಗಿರಾಕಿ ಯುರೋಪ್. ಹಾಗಿದ್ದರೆ ಹೊಣೆ ಬರೀ ಬೆಳೆದವರದ್ದು ಅನ್ನಲು ಆಗುತ್ತಾ?

ಈ ಪ್ರಶ್ನೆಗೆ ಮೊದಲು ಸಿಕ್ಕ ಉತ್ತರ ಸ್ವಯಂಪ್ರೇರಿತ ಮಾತುಗಳು. 2014ರಲ್ಲಿ ಅನೇಕ ಸರ್ಕಾರಗಳು, ಕಂಪನಿಗಳು ಸೇರಿ ನ್ಯೂಯಾರ್ಕ್‌ನಲ್ಲಿ ಒಂದು ಘೋಷಣೆಗೆ ಸಹಿ ಹಾಕಿದವು. 2020ರ ಹೊತ್ತಿಗೆ ಕಾಡು ನಾಶವಾಗುವ ವೇಗವನ್ನು ಅರ್ಧಕ್ಕೆ ಇಳಿಸುತ್ತೇವೆ ಅಂದವು. 2020 ಬಂತು, ಇಳಿಯಲಿಲ್ಲ.

ಕಾನೂನಿನ ದಾರಿಯಲ್ಲೂ ಒಂದು ಪ್ರಯತ್ನ ಆಗಿತ್ತು. 2013ರ ಮಾರ್ಚ್‌ನಿಂದ ಯುರೋಪಿನಲ್ಲಿ ಅಕ್ರಮ ಮರಮಟ್ಟಿನ ಮಾರಾಟ ನಿಷಿದ್ಧ. ಆದರೆ ಅದು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಕಡಿದದ್ದು ಕಾನೂನು ಪ್ರಕಾರವೇ? ಅಲ್ಲೇ ದೊಡ್ಡ ತೂತು. ಬ್ರೆಜಿಲ್ ಉದಾಹರಣೆ ನೋಡಿ. ಅಲ್ಲಿನ ಅರಣ್ಯ ಸಂಹಿತೆಯಂತೆ ಅಮೆಜಾನ್ ಕಾಡಿನ ಪ್ರದೇಶದಲ್ಲಿ ಜಮೀನುದಾರರು ಶೇಕಡ 80 ಭಾಗವನ್ನು ಕಾಡಾಗಿಯೇ ಉಳಿಸಬೇಕು. ಪಕ್ಕದ ಸೆರಾಡೊ ಬಯಲಿನ ಹೆಚ್ಚಿನ ಭಾಗದಲ್ಲಿ ಉಳಿಸಬೇಕಾದದ್ದು ಶೇಕಡ 20 ಮಾತ್ರ. ಅಂದರೆ ಅಲ್ಲಿ ಉಳಿದ ಶೇಕಡ 80 ಭಾಗವನ್ನು ಸವರಿ ಸೋಯಾ ಹಾಕಿದರೂ ಎಲ್ಲವೂ ಸಕ್ರಮ. ಹೊಸ ಕಾಯ್ದೆ ಬರೆದವರು ಈ ಪಾಠ ಕಲಿತರು. ಕಾನೂನುಬದ್ಧವಾಗಿ ಕಡಿದಿದ್ದರೂ ಕಡಿದದ್ದು ಕಡಿದದ್ದೇ ಅಂತ ಬರೆದರು. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಅತಿ ಮುಖ್ಯ ಸಾಲು ಅದೇ.

ಜನರ ಒತ್ತಡವೂ ಕಡಿಮೆ ಇರಲಿಲ್ಲ. 2020ರಲ್ಲಿ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಆಯೋಗ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಸುಮಾರು 12 ಲಕ್ಷ ಪ್ರತಿಕ್ರಿಯೆ ಬಂದವು. 2021ರ ನವೆಂಬರ್‌ನಲ್ಲಿ ಕರಡು ಬಂತು. 2023ರ ಏಪ್ರಿಲ್‌ನಲ್ಲಿ ಯುರೋಪಿಯನ್ ಸಂಸತ್ತಿನಲ್ಲಿ 552 ಮತ ಪರವಾಗಿ, 44 ವಿರುದ್ಧವಾಗಿ ಬಿದ್ದವು. ಇಷ್ಟು ಬಹುಮತದಿಂದ ಪಾಸಾದ ಕಾಯ್ದೆಗೆ ಮುಂದೆ ಏನಾಯಿತು ಅಂತ ನೋಡುವಾಗ ಈ ಸಂಖ್ಯೆ ನೆನಪಿರಲಿ.

ಕಾಯ್ದೆ ಏನು ಕೇಳುತ್ತದೆ

ಏಳು ಸರಕು: ದನ, ಕೋಕೋ, ಕಾಫಿ, ಪಾಮ್ ಎಣ್ಣೆ, ರಬ್ಬರ್, ಸೋಯಾ, ಮರ. ಇವುಗಳಿಂದ ಮಾಡಿದ ಚರ್ಮ, ಚಾಕಲೇಟು, ಟೈರು, ಪೀಠೋಪಕರಣಗಳೂ ಸೇರಿವೆ. ಆಯೋಗವೇ ಮಾಡಿಸಿದ ಅಂದಾಜಿನಲ್ಲಿ, ಯುರೋಪಿನ ಬಳಕೆಯಿಂದ ಆಗುವ ಅರಣ್ಯನಾಶದಲ್ಲಿ ಪಾಮ್ ಎಣ್ಣೆಯ ಪಾಲು ಸುಮಾರು ಶೇಕಡ 34, ಸೋಯಾದ್ದು ಶೇಕಡ 33. ಕಾಫಿಯದ್ದು ಶೇಕಡ 7. ಕಾಫಿ ಮುಖ್ಯ ಆರೋಪಿ ಅಲ್ಲ, ಆದರೂ ಪಟ್ಟಿಯಲ್ಲಿದೆ.

ಸರಕು ಯಾವ ಜಾಗದ್ದು ಅಂತ ತೋರಿಸಬೇಕು. 4 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ 10 ಎಕರೆವರೆಗಿನ ತೋಟಕ್ಕೆ ಜಿಪಿಎಸ್‌ನ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಸುತ್ತಳತೆಯ ಗಡಿ ಗುರುತಿಸಿದ ನಕ್ಷೆ ಬೇಕು. ಆಮದುದಾರರು ಇದನ್ನೆಲ್ಲ ಒಕ್ಕೂಟದ ಆನ್‌ಲೈನ್ ವ್ಯವಸ್ಥೆಗೆ ಹಾಕಿ ಘೋಷಣೆ ಸಲ್ಲಿಸಬೇಕು. ತಪ್ಪಿದರೆ ದಂಡ. ಕಂಪನಿಗಳಿಗೆ ವಿಧಿಸುವ ಗರಿಷ್ಠ ದಂಡ, ಅವು ಯುರೋಪಿನಲ್ಲಿ ವರ್ಷಕ್ಕೆ ಮಾಡುವ ವಹಿವಾಟಿನ ಶೇಕಡ 4ಕ್ಕಿಂತ ಕಡಿಮೆ ಇರಬಾರದು. ದೊಡ್ಡ ಕಂಪನಿಗಳು ಇದನ್ನು ಗಂಭೀರವಾಗಿ ತೆಗೆದುಕೊಂಡದ್ದು ಈ ಶೇಕಡ 4ಕ್ಕೆ ಹೆದರಿಯೇ.

ಕಾಡು ಅಂದರೆ ಏನು ಅಂತಲೂ ಬರೆದಿದ್ದಾರೆ. ಅರ್ಧ ಹೆಕ್ಟೇರ್‌ಗಿಂತ ದೊಡ್ಡ ಜಾಗ, 5 ಮೀಟರ್‌ಗಿಂತ ಎತ್ತರದ ಮರ, ಶೇಕಡ 10ಕ್ಕಿಂತ ಜಾಸ್ತಿ ಮರದ ನೆರಳು. ಮರಗಳ ಕೆಳಗೆ ಬೆಳೆ ಬೆಳೆಯುವ ತೋಟ ಮಾತ್ರ ಕಾಡಲ್ಲ, ಅದು ಕೃಷಿ. ಈ ವಿನಾಯಿತಿ ಇಲ್ಲದಿದ್ದರೆ ಕೊಡಗಿನ ಅರ್ಧ ತೋಟಗಳು ಕಾಗದದ ಮೇಲೆ ಕಾಡಾಗುತ್ತಿದ್ದವು. ಸೆರಾಡೊದಂಥ ಕುರುಚಲು ಮರದ ಬಯಲು ಬಹುಪಾಲು ಈ ವ್ಯಾಖ್ಯಾನದ ಹೊರಗೇ ಉಳಿಯಿತು. ಸಂಹಿತೆಯ ತೂತನ್ನು ಮುಚ್ಚಿದ ಕಾಯ್ದೆ ಅಲ್ಲಿ ಇನ್ನೊಂದು ತೂತು ಬಿಟ್ಟಿತು. ಇದು ಬೇಸರದ ಸಂಗತಿ.

ಒಂದು ಮೂಟೆ ಚೆರ್ರಿಯ ದಾರಿ

ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70 ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರೇ ಜಿಲ್ಲೆ. ದೇಶದ ಕಾಫಿಯ ಹೆಚ್ಚಿನ ಪಾಲು ರಫ್ತಾಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ನಮ್ಮ ದೊಡ್ಡ ಗಿರಾಕಿಗಳು. ಬೆಳೆಗಾರರಲ್ಲಿ ಬಹುತೇಕ ಎಲ್ಲರೂ ಸಣ್ಣವರು. ಹಾಗಾಗಿ ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ನಲ್ಲಿ ಬರೆದ ಸಾಲು ಇಲ್ಲಿನ ಕಣಕ್ಕೆ ಬಂದೇ ಬರುತ್ತದೆ.

ಹೇಗೆ ಬರುತ್ತದೆ ಅಂತ ನೋಡಲು ಮೂಡಿಗೆರೆ ಸುತ್ತಮುತ್ತ ಒಂದು 6 ಎಕರೆ ರೊಬಸ್ಟಾ ತೋಟ ಇದೆ ಅಂದುಕೊಳ್ಳೋಣ. ಅಜ್ಜನ ಕಾಲದ ತೋಟ. ಮೇಲೆ ಹಲಸು, ಅತ್ತಿ, ನಂದಿ, ಸಿಲ್ವರ್ ಓಕ್, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ವರ್ಷಕ್ಕೆ ಸುಮಾರು ಎರಡು ಟನ್ ಕಾಫಿ. ಹಣ್ಣು ಕೊಯ್ದು ಕಣದಲ್ಲಿ ಒಣಗಿಸಿ ಚೆರ್ರಿ ಮಾಡಿ ಊರಿನ ವ್ಯಾಪಾರಿಗೆ ಕೊಡುತ್ತಾರೆ. ವ್ಯಾಪಾರಿಯ ಗೋದಾಮಿನಲ್ಲಿ ಅದು ಹತ್ತಾರು ಮನೆಯ ಚೆರ್ರಿ ಜೊತೆ ಸೇರುತ್ತದೆ. ಅಲ್ಲಿಂದ ಕ್ಯೂರಿಂಗ್ ವರ್ಕ್ಸ್. ಅಲ್ಲಿ ಸಿಪ್ಪೆ ತೆಗೆದು, ಗಾತ್ರ ನೋಡಿ ಗ್ರೇಡ್ ಮಾಡುತ್ತಾರೆ. ಚೆರ್ರಿ ಎಬಿ ಒಂದು ಕಡೆ, ಒಂಟಿ ಬೀಜದ ಪೀಬೆರಿ ಇನ್ನೊಂದು ಕಡೆ, ಸಣ್ಣದು, ಒಡೆದದ್ದು ಮತ್ತೊಂದು ಕಡೆ. ಆಮೇಲೆ 60 ಕೆಜಿಯ 320 ಚೀಲ ತುಂಬಿ ಒಂದು ಕಂಟೇನರ್.

ಲೆಕ್ಕ ಹಾಕಿ. ಒಂದು ಕಂಟೇನರ್ ಅಂದರೆ 19 ಟನ್ ಚಿಲ್ಲರೆ. ಇಂಥ ಹತ್ತು ತೋಟದ ಪೂರ್ತಿ ಬೆಳೆ ಸೇರಿದರೆ ಒಂದು ಕಂಟೇನರ್ ತುಂಬುತ್ತದೆ. ಗ್ರೇಡ್ ಮಾಡುವಾಗ ಒಬ್ಬರ ಕಾಫಿ ಮೂರು ನಾಲ್ಕು ಕಡೆ ಹಂಚಿಹೋಗುವುದರಿಂದ ನಿಜದಲ್ಲಿ ಒಂದು ಕಂಟೇನರ್‌ನೊಳಗೆ ಹತ್ತಲ್ಲ, ಇನ್ನೂ ಎಷ್ಟೋ ಜಾಸ್ತಿ ತೋಟಗಳ ಕಾಫಿ ಇರುತ್ತದೆ. ಅಷ್ಟೂ ತೋಟಗಳ ಬಿಂದು ಆ ಕಂಟೇನರ್ ಜೊತೆ ಹೋಗಬೇಕು. ಒಂದು ತೋಟದ ಮಾಹಿತಿ ಸಿಗದಿದ್ದರೆ, ಅದರ ಕಾಫಿಯನ್ನು ಬೇರ್ಪಡಿಸಲು ಆಗದಿದ್ದರೆ, ಇಡೀ ಸರಕಿಗೇ ಬಾಗಿಲು ಮುಚ್ಚಿದಂತೆ. ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಬೆರೆಸಿ, ಇಷ್ಟು ಪಾಲು ಸರಿ ಇದೆ ಅಂತ ಲೆಕ್ಕ ತೋರಿಸಲು ಈ ಕಾಯ್ದೆಯಲ್ಲಿ ಅವಕಾಶ ಇಲ್ಲ.

ಇಂಥ ಸ್ಥಿತಿಯಲ್ಲಿ ರಫ್ತುದಾರರು ಏನು ಮಾಡುತ್ತಾರೆ? ಹತ್ತಾರು ಸಣ್ಣ ತೋಟದ ಬದಲು ನೂರಾರು ಎಕರೆಯ ಒಂದು ಎಸ್ಟೇಟ್‌ನಿಂದ ಕೊಳ್ಳುವುದು ಸುಲಭ. ಅಲ್ಲಿ ಸರ್ವೆ ನಕ್ಷೆ ಇದೆ, ಕಂಪ್ಯೂಟರ್ ಇದೆ, ಬರೆದಿಡಲು ರೈಟರ್ ಇದ್ದಾರೆ. ಇದು ಸುಮ್ನೆ ಊಹೆ ಅಲ್ಲ. 2023ರ ಕೊನೆಯಲ್ಲೇ, ಕಾಯ್ದೆ ಜಾರಿಗೆ ಇನ್ನೂ ಒಂದು ವರ್ಷ ಇರುವಾಗ, ಯುರೋಪಿನ ಕೆಲವು ಕೊಳ್ಳುವವರು ಇಥಿಯೋಪಿಯಾದ ಸಣ್ಣ ರೈತರಿಂದ ಕಾಫಿ ಕೊಳ್ಳುವುದನ್ನು ಕಡಿಮೆ ಮಾಡುತ್ತಿದ್ದಾರೆ ಅಂತ ಸುದ್ದಿ ಬಂದಿತ್ತು. ಆ ರೈತರು ಕಾಡು ಕಡಿದಿದ್ದರು ಅಂತ ಯಾರೂ ಹೇಳಿರಲಿಲ್ಲ. ಅವರ ಹತ್ತಿರ ಕಾಗದ ಇರಲಿಲ್ಲ, ಅಷ್ಟೇ.

ಪಹಣಿಯ ತೊಡಕು

ಮಲೆನಾಡಿನಲ್ಲಿ ಬಿಂದು ಗುರುತಿಸುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ. ಸರಕು ಬೆಳೆದದ್ದು ಆ ದೇಶದ ಕಾನೂನು ಪ್ರಕಾರವೇ ಅಂತ ಕಾಯ್ದೆ ಕೇಳುತ್ತದೆ, ಅದರಲ್ಲಿ ಭೂಮಿಯ ಹಕ್ಕೂ ಬರುತ್ತದೆ.

ಕೊಡಗಿನ ಜಮ್ಮಾ ಬಾಣೆ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು, ಗೊತ್ತಿರುವವರಿಗೆ ಈ ಸಾಲು ಓದಿದರೇ ತಲೆನೋವು. ಪಹಣಿಯಲ್ಲಿ ಪಟ್ಟೇದಾರರ, ಅಂದರೆ ಕುಟುಂಬದ ಯಜಮಾನರ ಹೆಸರು. ಅದರ ಜೊತೆ ಕುಟುಂಬದ ಎಷ್ಟೋ ಹೆಸರು. ಅವರಲ್ಲಿ ಕೆಲವರು ತೀರಿಹೋಗಿದ್ದಾರೆ, ಕೆಲವರು ಬೆಂಗಳೂರಿನಲ್ಲಿದ್ದಾರೆ. ತೋಟ ನೋಡಿಕೊಳ್ಳುತ್ತಿರುವವರ ಹೆಸರು ಪಹಣಿಯಲ್ಲಿ ಇಲ್ಲದಿರುವುದೂ ಉಂಟು. ಚಿಕ್ಕಮಗಳೂರು, ಹಾಸನದ ಕಡೆ ಬೇರೆ ತರಹದ ಕಷ್ಟ. ಸ್ವಂತ ಹಿಡುವಳಿಯ ಪಕ್ಕದ ಸರ್ಕಾರಿ ಜಾಗಕ್ಕೂ ತೋಟ ಚಾಚಿಕೊಂಡಿರುತ್ತದೆ. ನಮೂನೆ 50, 53, 57ರಲ್ಲಿ ಸಕ್ರಮಕ್ಕೆ ಅರ್ಜಿ ಹಾಕಿ ಕಾದವರು ಎಷ್ಟೋ ಜನ. ಹಾಗೆ ಒತ್ತುವರಿಯಾದ ಕಂದಾಯ ಭೂಮಿಯನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ರಾಜ್ಯ ಸರ್ಕಾರ ಕಾನೂನಿಗೆ ತಿದ್ದುಪಡಿ ಮಾಡಿದೆ. ಗುತ್ತಿಗೆ ಕೈಗೆ ಬರುವ ತನಕ ಆ ಜಾಗದ ಕಾಫಿಯನ್ನು ಏನಂತ ಕರೆಯಬೇಕು? ಜರ್ಮನಿಯ ಆಮದುದಾರರಿಗೆ ಇದನ್ನು ವಿವರಿಸುವುದು ಹೇಗೆ?

ಪಹಣಿ ಇಲ್ಲ ಅಂದ ಮಾತ್ರಕ್ಕೆ ಸರಕು ಅಕ್ರಮ ಅಂತ ಕಾಯ್ದೆ ಹೇಳುವುದಿಲ್ಲ. ಬೆಳೆದು ಮಾರಲು ಆಯಾ ದೇಶದ ಕಾನೂನು ಏನು ಕೇಳುತ್ತದೋ ಅದು ಇದ್ದರೆ ಆಯಿತು. ಆದರೆ ದಂಡದ ಹೆದರಿಕೆ ಇರುವ ಕಂಪನಿಗೆ ಅಷ್ಟು ಸೂಕ್ಷ್ಮ ಯಾಕೆ ಬೇಕು? ಸಂಶಯ ಬಂದ ಕಡೆ ಕೊಳ್ಳದೆ ಇರುವುದೇ ಅವರಿಗೆ ಸುಲಭ. ಇತ್ತ ಬೆಳೆಗಾರರಿಗೆ ಇನ್ನೊಂದು ಅಳುಕು. ತೋಟದ ಗಡಿಯನ್ನು ಮೊಬೈಲಿನಲ್ಲಿ ಗುರುತಿಸಿ ಕೊಟ್ಟರೆ ಆ ನಕ್ಷೆ ನಾಳೆ ಅರಣ್ಯ ಇಲಾಖೆ, ಕಂದಾಯ ಇಲಾಖೆ ಕೈಗೆ ಹೋಗುತ್ತಾ ಅಂತ. ಕಾಫಿ ಮಂಡಳಿ ಆ್ಯಪ್ ಮೂಲಕ ನೋಂದಣಿ ಮಾಡಿಸುತ್ತಿದೆ, ಅದು ಒಳ್ಳೆಯ ಕೆಲಸ. ಈ ಮಾಹಿತಿಯನ್ನು ರಫ್ತಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವುದಿಲ್ಲ ಅನ್ನುವ ಮಾತು ಬರವಣಿಗೆಯಲ್ಲಿ, ಕಾನೂನಿನ ಬಲದ ಜೊತೆ ಸಿಗಬೇಕು. ಅದಿಲ್ಲದೆ ಜನ ಮುಂದೆ ಬರಲಿ ಅಂತ ಕಾಯುವುದು ನ್ಯಾಯ ಅಲ್ಲ.

ಉಪಗ್ರಹದ ತೊಂದರೆಯನ್ನೂ ಹೇಳಬೇಕು. ಮೇಲಿನಿಂದ ನೋಡಿದರೆ ನೆರಳಿನ ಕಾಫಿ ತೋಟ ಕಾಡಿನ ಹಾಗೇ ಕಾಣುತ್ತದೆ. 2020ರಲ್ಲಿ ಎಲ್ಲೆಲ್ಲಿ ಕಾಡಿತ್ತು ಅಂತ ತೋರಿಸಲು ಯುರೋಪಿಯನ್ ಆಯೋಗದ ಸಂಶೋಧನಾ ಕೇಂದ್ರ ಒಂದು ಜಾಗತಿಕ ನಕ್ಷೆ ಮಾಡಿದೆ. ಅದನ್ನೇ ಒಪ್ಪಬೇಕು ಅಂತ ಕಡ್ಡಾಯ ಇಲ್ಲ. ಆದರೆ ಪರಿಶೀಲನೆ ಮಾಡುವವರು ಮೊದಲು ತೆರೆಯುವುದು ಇಂಥ ನಕ್ಷೆಗಳನ್ನೇ ಅಲ್ವಾ? ಈಗ ಯೋಚಿಸಿ. ಮಳೆಗಾಲಕ್ಕೆ ಮುಂಚೆ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡಿದರೆ, ಬಲಿತ ಸಿಲ್ವರ್ ಓಕ್ ಮಾರಿ ಹೊಸ ಸಸಿ ನೆಟ್ಟರೆ, ಮೇಲಿನ ಚಿತ್ರದಲ್ಲಿ ಹಸಿರು ಕಡಿಮೆಯಾದಂತೆ ಕಾಣಬಹುದು. 2020ರಲ್ಲಿ ಕಾಡು ಅಂತ ಗುರುತಾದ ಜಾಗ, ಆಮೇಲೆ ಬೋಳಾದ ಜಾಗ! ಅದು ಕಾಡಲ್ಲ, ತೋಟದ ಮಾಮೂಲಿ ಕೆಲಸ ಅಂತ ಸಾಬೀತು ಮಾಡುವ ಹೊಣೆ ಮತ್ತೆ ಬೆಳೆಗಾರರದ್ದೇ. ನೆರಳಿಲ್ಲದೆ, ಬಟಾಬಯಲಲ್ಲಿ ಕಾಫಿ ಬೆಳೆಯುವವರಿಗೆ ಈ ತಾಪತ್ರಯ ಇಲ್ಲ. ಮರ ಉಳಿಸಿಕೊಂಡವರಿಗೆ ಜಾಸ್ತಿ ಪ್ರಶ್ನೆ ಬರುವುದು ತಪ್ಪು. ಇದನ್ನು ಸರಿಪಡಿಸಲು ಸಾಧ್ಯವಿದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ನಮ್ಮ ತೋಟಗಳ ನೆರಳಿನ ವಿಷಯ ಚೆನ್ನಾಗಿ ಗೊತ್ತು. ಇಲ್ಲಿನ ಕಾಫಿ ನಕ್ಷೆಯನ್ನು ನಾವೇ ಗಟ್ಟಿಯಾಗಿ ಮಾಡಿ ಯುರೋಪಿನ ಮುಂದಿಡಬೇಕು.

ಇನ್ನೊಂದು ಮಾತು. ಈ ತೋಟಗಳೂ ಒಂದು ಕಾಲದ ಕಾಡೇ. ಹತ್ತೊಂಬತ್ತನೇ ಶತಮಾನದಲ್ಲಿ ಮಲೆನಾಡಿನ ಎಷ್ಟೋ ಬೆಟ್ಟಗಳನ್ನು ಕಾಫಿಗಾಗಿ ಸವರಿದರು. 2020ರ ಗೆರೆ ಹಳೆಯದನ್ನೆಲ್ಲ ಮನ್ನಿಸುತ್ತದೆ, ನಮಗೂ, ತನ್ನ ಕಾಡನ್ನು ಶತಮಾನಗಳ ಹಿಂದೆಯೇ ಕಡಿದ ಯುರೋಪಿಗೂ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಅದನ್ನು ಒಪ್ಪುತ್ತೇನೆ. ಆದರೆ ಇವತ್ತಿನ ತನಕ ಕಾಡು ಉಳಿಸಿಕೊಂಡ ಬಡ ದೇಶಗಳಿಗೆ ಆ ಗೆರೆಯಿಂದ ಸಿಕ್ಕಿದ್ದು ನಿರ್ಬಂಧ ಮಾತ್ರ. ಉಳಿಸಿದ್ದಕ್ಕೆ ಒಂದು ಪೈಸೆಯೂ ಈ ಕಾಯ್ದೆಯಲ್ಲಿಲ್ಲ.

ಎರಡು ಸಲ ಮುಂದಕ್ಕೆ

ಕಾಯ್ದೆ ಎಡವಿದ್ದು ತನ್ನ ಮನೆಯಲ್ಲೇ. 2024ರಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಅಮೆರಿಕ ಎಲ್ಲವೂ ಆಕ್ಷೇಪ ಎತ್ತಿದ್ದವು. ಅದು ನಿರೀಕ್ಷಿತವೇ. ಆದರೆ ಆಯೋಗದ ಕೆಲಸವೂ ಹಿಂದೆ ಬಿದ್ದಿತ್ತು. ಕಂಪನಿಗಳು ಏನು ಮಾಡಬೇಕು ಅಂತ ಬಿಡಿಸಿ ಹೇಳುವ ಮಾರ್ಗದರ್ಶಿ ಹೊರಬಂದದ್ದು 2024ರ ಅಕ್ಟೋಬರ್ 2ರಂದು, ಜಾರಿಗೆ ಮೂರು ತಿಂಗಳೂ ಇಲ್ಲದಾಗ. ಅದೇ ದಿನ ಒಂದು ವರ್ಷ ಮುಂದೂಡುವ ಪ್ರಸ್ತಾವವನ್ನೂ ಆಯೋಗ ಇಟ್ಟಿತು. ಡಿಸೆಂಬರ್‌ನಲ್ಲಿ ಅದು ಪಾಸಾಯಿತು.

2025ರ ಮೇ ತಿಂಗಳಲ್ಲಿ ದೇಶಗಳ ಅಪಾಯದ ಪಟ್ಟಿ ಬಂತು. ಹೆಚ್ಚು ಅಪಾಯದ ದೇಶಗಳು ಅಂತ ಗುರುತಾದವು ನಾಲ್ಕೇ: ರಷ್ಯಾ, ಬೆಲಾರುಸ್, ಉತ್ತರ ಕೊರಿಯಾ, ಮ್ಯಾನ್ಮಾರ್. ಬ್ರೆಜಿಲ್, ಇಂಡೋನೇಷ್ಯಾ, ಮಲೇಷ್ಯಾ ಮಧ್ಯದ ಸಾಲಿನಲ್ಲಿ. ಭಾರತ ಕಡಿಮೆ ಅಪಾಯದ ಗುಂಪಿನಲ್ಲಿ. ಇದರಿಂದ ನಮ್ಮ ಸರಕಿಗೆ ಸಂಬಂಧಿಸಿದ ತಪಾಸಣೆ ಕಡಿಮೆ. ಕಡಿಮೆ ಅಪಾಯದ ದೇಶಗಳಿಂದ ಕೊಳ್ಳುವವರಲ್ಲಿ ಶೇಕಡ 1ರಷ್ಟು ಜನರನ್ನು ಪರೀಕ್ಷಿಸಿದರೆ ಸಾಕು, ಹೆಚ್ಚು ಅಪಾಯದ್ದಾದರೆ ಶೇಕಡ 9. ನಮ್ಮಲ್ಲಿ ಇದನ್ನು ಕೇಳಿ ಎಲ್ಲ ಮುಗಿಯಿತು ಅಂದುಕೊಂಡವರೂ ಇದ್ದಾರೆ. ಮುಗಿದಿಲ್ಲ. ತೋಟದ ಬಿಂದು ಕೊಡುವುದರಿಂದ ಈ ಗುಂಪಿಗೆ ವಿನಾಯಿತಿ ಇಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಆಯೋಗದ ಪರಿಸರ ಕಮಿಷನರ್ ಯೆಸ್ಸಿಕಾ ರೋಸ್ವಾಲ್ ಮತ್ತೆ ಮುಂದೂಡುವ ಮಾತು ಎತ್ತಿದರು. ಬರುವ ಘೋಷಣೆಗಳ ಹೊರೆಯನ್ನು ಕಂಪ್ಯೂಟರ್ ವ್ಯವಸ್ಥೆ ತಡೆದುಕೊಳ್ಳುವುದಿಲ್ಲ ಅನ್ನುವುದು ಕೊಟ್ಟ ಕಾರಣ. ಕೊನೆಗೆ ಡಿಸೆಂಬರ್‌ನಲ್ಲಿ ಹೊಸ ದಿನಾಂಕ ಗೊತ್ತಾಯಿತು. ದೊಡ್ಡ, ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30. ಸಣ್ಣವಕ್ಕೆ 2027ರ ಜೂನ್ 30. ಅದರ ಜೊತೆ ಕಾಯ್ದೆಯನ್ನೂ ಸಡಿಲಿಸಿದರು. ಸರಕನ್ನು ಮೊದಲು ಮಾರುಕಟ್ಟೆಗೆ ತರುವವರು ಮಾತ್ರ ಘೋಷಣೆ ಕೊಟ್ಟರೆ ಸಾಕು ಅಂದರು. ಪುಸ್ತಕ, ಪತ್ರಿಕೆಯಂಥ ಮುದ್ರಿತ ವಸ್ತುಗಳನ್ನು ಪಟ್ಟಿಯಿಂದ ತೆಗೆದರು. 2026ರ ಏಪ್ರಿಲ್ ಒಳಗೆ ಮತ್ತೊಮ್ಮೆ ಪರಿಶೀಲಿಸಬೇಕು ಅಂತಲೂ ಬರೆದರು.

ಕಡಿಮೆ ಅಪಾಯದ ದೇಶಗಳ ಸಣ್ಣ ಉತ್ಪಾದಕರಿಗೆ ಒಂದೇ ಸಲ ಸರಳ ಘೋಷಣೆ ಕೊಡುವ ಸೌಲಭ್ಯವೂ ಬಂತು. ಕೇಳಲು ಚೆನ್ನಾಗಿದೆ. ಆದರೆ ಅದು ತಾನು ಬೆಳೆದದ್ದನ್ನು ತಾನೇ ಯುರೋಪಿನ ಮಾರುಕಟ್ಟೆಗೆ ಇಡುವವರಿಗೆ, ಅಂದರೆ ಹೆಚ್ಚಾಗಿ ಅಲ್ಲಿನದೇ ರೈತರಿಗೆ, ಕಾಡಿನ ಮಾಲೀಕರಿಗೆ. ನಮ್ಮ 6 ಎಕರೆಯ ಬೆಳೆಗಾರರು ವ್ಯಾಪಾರಿಗೆ ಮಾರುವವರು. ಅವರಿಗೆ ಇದರಿಂದ ಹೆಚ್ಚೇನೂ ಸಿಗುವುದಿಲ್ಲ.

ಎರಡು ಸಲ ಮುಂದೂಡಿದ್ದರಿಂದ ನಿಜವಾಗಿ ನಷ್ಟ ಆದದ್ದು ಹೇಳಿದ ದಿನಕ್ಕೆ ತಯಾರಾದವರಿಗೆ. ಐವರಿ ಕೋಸ್ಟ್ ತನ್ನ ಕೋಕೋ ರೈತರಿಗೆ ಗುರುತಿನ ಕಾರ್ಡ್ ಕೊಟ್ಟು, ಸರಕಿನ ಜಾಡು ಹಿಡಿಯುವ ವ್ಯವಸ್ಥೆ ಕಟ್ಟಿತು. ಹಣ ಸುರಿದ ಕೆಲವು ದೊಡ್ಡ ಚಾಕಲೇಟು ಕಂಪನಿಗಳೇ ಮುಂದೂಡಬೇಡಿ ಅಂತ ಪತ್ರ ಬರೆದವು. ಏನೂ ಮಾಡದೆ ಕೂತವರಿಗೆ ಎರಡು ವರ್ಷ ಉಚಿತವಾಗಿ ಸಿಕ್ಕಿತು. ನಮ್ಮ ಊರುಗಳಲ್ಲೂ ಅಷ್ಟೇ. ನೋಂದಣಿ ಮಾಡಿಸಿ ಅಂತ ಬೆಳೆಗಾರರ ಬೆನ್ನು ಬಿದ್ದವರ ಮಾತಿಗೆ ಬೆಲೆ ಹೋಗುತ್ತದೆ. ಮುಂದಿನ ಸಲ ಕರೆದಾಗ ಯಾರು ಬರುತ್ತಾರೆ? ಅಷ್ಟರಲ್ಲಿ ಕಾಡು ಕಡಿಯುವವರು ಕಾಯುತ್ತಾ ಕೂರುವುದಿಲ್ಲ. ಕಾಯ್ದೆ ಜಾರಿಯಾದರೆ ವರ್ಷಕ್ಕೆ ಕನಿಷ್ಠ 72,000 ಹೆಕ್ಟೇರ್ ಕಾಡು ಉಳಿಯುತ್ತದೆ ಅಂತ ಆಯೋಗವೇ ಅಂದಾಜು ಮಾಡಿತ್ತು. ಮುಂದೂಡಿದ ಎರಡು ವರ್ಷವನ್ನು ಆ ಲೆಕ್ಕದಲ್ಲೂ ನೋಡಬೇಕು.

ಬೆಳೆಯುವ ದೇಶ ಮನಸ್ಸು ಮಾಡಿದರೆ

ಕೊಳ್ಳುವ ದೇಶದ ಕಾಯ್ದೆಯೊಂದರಿಂದಲೇ ಕಾಡು ಉಳಿಯುವುದಿಲ್ಲ. ಬ್ರೆಜಿಲ್‌ನ ಅಮೆಜಾನ್‌ನಲ್ಲಿ 2004ರಲ್ಲಿ 27,772 ಚದರ ಕಿಲೋಮೀಟರ್ ಕಾಡು ಹೋಗಿತ್ತು. 2012ರಲ್ಲಿ ಅದು 4,571ಕ್ಕೆ ಇಳಿಯಿತು. ಮುಖ್ಯ ಕಾರಣ ಅಲ್ಲಿನ ಸರ್ಕಾರದ್ದೇ ಕ್ರಮಗಳು. 2004ರಲ್ಲಿ ರಾಷ್ಟ್ರೀಯ ಯೋಜನೆ ತಂದರು. ಉಪಗ್ರಹದಿಂದ ಕಡಿತದ ಸುಳಿವು ಬೇಗ ಹಿಡಿದು ಅಧಿಕಾರಿಗಳನ್ನು ಕಳಿಸಿದರು. ಕಾನೂನು ಪಾಲಿಸದ ಜಮೀನಿಗೆ ಬ್ಯಾಂಕ್ ಸಾಲ ನಿಲ್ಲಿಸಿದರು. ಹೊಸದಾಗಿ ಕಡಿದ ಜಾಗದ ಸೋಯಾ ಕೊಳ್ಳುವುದಿಲ್ಲ ಅಂತ ವ್ಯಾಪಾರಿ ಕಂಪನಿಗಳು 2006ರಲ್ಲಿ ಮಾಡಿಕೊಂಡ ಒಪ್ಪಂದವೂ ಕೈಜೋಡಿಸಿತು. ಸರ್ಕಾರದ ಹಿಡಿತ ಸಡಿಲವಾದಾಗ, 2021ರಲ್ಲಿ, ಅದು ಮತ್ತೆ 13,000 ಚದರ ಕಿಲೋಮೀಟರ್ ದಾಟಿತು. ಹೊರಗಿನ ಕೊಳ್ಳುವವರು ಒತ್ತಡ ಹಾಕಬಹುದು. ಕಾಡಿನ ಅಂಚಿನಲ್ಲಿ ನಿಂತು ತಡೆಯುವುದು ಆ ದೇಶದ ಸರ್ಕಾರವೇ.

ನಾವೂ ಕೊಳ್ಳುವವರೇ

ಈ ಪ್ರಕರಣದಲ್ಲಿ ಭಾರತವನ್ನು ಬರೀ ಮಾರುವ ದೇಶ ಅಂತ ನೋಡುವುದು ನನಗೆ ಒಪ್ಪಿಗೆ ಇಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಪಾಮ್ ಎಣ್ಣೆ ಆಮದು ಮಾಡುವ ದೇಶ ನಮ್ಮದು. ಹೆಚ್ಚಿನದು ಇಂಡೋನೇಷ್ಯಾ, ಮಲೇಷ್ಯಾದಿಂದ ಬರುತ್ತದೆ. ಅಂಗಡಿಯ ಬಿಸ್ಕತ್ತು, ಚಿಪ್ಸ್, ಸೋಪು, ಬೀದಿಬದಿಯ ಬೋಂಡದ ಬಾಣಲೆ, ಎಲ್ಲದರಲ್ಲೂ ಅದು ಇದೆ. ವನ್ಯಜೀವಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸಂಬಂಧಿಸಿದ ಉಷ್ಣವಲಯದ ಅರಣ್ಯನಾಶದಲ್ಲಿ 2017ರಲ್ಲಿ ಚೀನಾದ ಪಾಲು ಶೇಕಡ 24, ಯುರೋಪಿಯನ್ ಒಕ್ಕೂಟದ್ದು 16, ಭಾರತದ್ದು 9. ಅಮೆರಿಕದ ಪಾಲು 7. ನಮ್ಮದು ಅದಕ್ಕಿಂತ ಜಾಸ್ತಿ.

ಎಣ್ಣೆ ಆಮದಿನ ಮೇಲೆ ನಮ್ಮ ಸರ್ಕಾರಕ್ಕೆ ಹಿಡಿತ ಇಲ್ಲ ಅಂತೇನೂ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಪಾಮ್ ಎಣ್ಣೆಯ ಮೂಲ ಸುಂಕವನ್ನು ಶೇಕಡ 20ಕ್ಕೆ ಏರಿಸಿದರು. 2025ರ ಮೇ ಕೊನೆಗೆ ಶೇಕಡ 10ಕ್ಕೆ ಇಳಿಸಿದರು. ರೈತರ ಬೆಲೆ ನೋಡಿ ಒಮ್ಮೆ, ಅಡುಗೆಮನೆಯ ಬೆಲೆ ನೋಡಿ ಒಮ್ಮೆ. ಎರಡೂ ಬೇಕಾದ ಕಾಳಜಿಗಳೇ. ಆದರೆ ಆ ಎಣ್ಣೆ ಯಾವ ಕಾಡಿನ ಜಾಗದ್ದು ಅನ್ನುವ ಪ್ರಶ್ನೆ ಸುಂಕದ ಲೆಕ್ಕದಲ್ಲಿ ಒಮ್ಮೆಯೂ ಬಂದಿಲ್ಲ. ಕಾಡು ಕಡಿಯದ ಜಾಗದ ಎಣ್ಣೆಗೆ ಸುಂಕ ಸ್ವಲ್ಪ ಕಡಿಮೆ ಮಾಡಿದರೂ ಸಾಕು, ಅದೊಂದು ದೊಡ್ಡ ಶುರುವಾತು. 2021ರಲ್ಲಿ ಪಾಮ್ ಎಣ್ಣೆಯನ್ನು ಇಲ್ಲೇ ಬೆಳೆಯಲು 11,040 ಕೋಟಿ ರೂಪಾಯಿಯ ತಾಳೆ ಎಣ್ಣೆ ಮಿಷನ್ ಘೋಷಿಸಿ, ಈಶಾನ್ಯ ರಾಜ್ಯಗಳಿಗೆ, ಅಂಡಮಾನ್‌ಗೆ ಒತ್ತು ಕೊಟ್ಟರು. ಅಲ್ಲಿ ಉಳಿದಿರುವುದೂ ಮಳೆಕಾಡೇ. ಆಮದು ಕಡಿಮೆ ಮಾಡುವ ಹೆಸರಲ್ಲಿ ಆ ಕಾಡು ಹೋದರೆ ಏನು ಗಳಿಸಿದಂತಾಯಿತು?

ಚೀನಾ, ಭಾರತ ಪ್ರಶ್ನೆ ಕೇಳದೆ ಇರುವ ತನಕ ಯುರೋಪಿನ ಕಾಯ್ದೆಗೂ ಪೂರ್ತಿ ಬಲ ಬರುವುದಿಲ್ಲ. ಒಳ್ಳೆಯ ಜಾಗದ ಎಣ್ಣೆ ಯುರೋಪಿನ ರಾಟರ್‌ಡ್ಯಾಮ್ ಬಂದರಿಗೆ ಹೋಗುತ್ತದೆ, ಕಾಡು ಕಡಿದ ಜಾಗದ್ದು ಮುಂಬೈಗೆ ಬರುತ್ತದೆ. ಬ್ರಿಟನ್ 2021ರ ತನ್ನ ಪರಿಸರ ಕಾಯ್ದೆಯಲ್ಲಿ ಅಕ್ರಮ ಅರಣ್ಯನಾಶದ ಸರಕನ್ನು ತಡೆಯುವ ಅಧ್ಯಾಯ ಸೇರಿಸಿಕೊಂಡಿತು. ಅದನ್ನು ನಡೆಸುವ ನಿಯಮಗಳು ವರ್ಷಗಟ್ಟಲೆ ಬರಲೇ ಇಲ್ಲ. ಅಮೆರಿಕದಲ್ಲೂ ಅದೇ ವರ್ಷ ಮಸೂದೆ ಬಂತು, ಪಾಸಾಗಲಿಲ್ಲ.

ಮುಂದಿನ ಕೊಯ್ಲಿಗೆ ಮುಂಚೆ

2026ರ ಡಿಸೆಂಬರ್ 30 ಅಂದರೆ ಅರೇಬಿಕಾ ಕೊಯ್ಲು ನಡೆಯುತ್ತಿರುವ, ರೊಬಸ್ಟಾ ಶುರುವಾಗುವ ಸಮಯ. ಇನ್ನೊಮ್ಮೆ ಮುಂದೂಡಿಯಾರು ಅಂತ ಕಾದರೆ ಅಪಾಯ ನಮ್ಮದೇ.

ಬಿಂದು ಗುರುತಿಸುವ, ದಾಖಲೆ ಜೋಡಿಸುವ ಖರ್ಚನ್ನು ಬೆಳೆಗಾರರಿಂದ ಮುರಿದುಕೊಳ್ಳಬಾರದು. ಅದರಲ್ಲಿ ಒಂದು ಪಾಲನ್ನು ಯುರೋಪಿನ ಆಮದುದಾರರೇ ಕೊಡಬೇಕು. ಕಾನೂನಿನ ಹೊಣೆ ಅವರದ್ದು, ಚೀಲದ ಮೇಲೆ ಕಾಡು ಉಳಿಸಿದ ಕಾಫಿ ಅಂತ ಬರೆದುಕೊಳ್ಳುವವರೂ ಅವರೇ. ಖರೀದಿ ಒಪ್ಪಂದದಲ್ಲೇ ಇದನ್ನು ಸೇರಿಸಿ ಅಂತ ರಫ್ತುದಾರರ ಮೇಲೆ ಬೆಳೆಗಾರರ ಸಂಘಗಳು ಈಗಲೇ ಒತ್ತಡ ತರಬೇಕು. ಜಮ್ಮಾ ಬಾಣೆ, ಒತ್ತುವರಿ ಜಾಗದ ಕಾಫಿಯ ಬಗ್ಗೆ ರಾಜ್ಯ ಸರ್ಕಾರ ಒಂದು ಸ್ಪಷ್ಟ ಪತ್ರ ಕೊಡಬೇಕು, ಕೊಳ್ಳುವವರಿಗೆ ತೋರಿಸಲು ಆಗುವಂಥದ್ದು.

ಬೆಳೆಗಾರರ ಕೈಯಲ್ಲಿರುವ ಕೆಲಸ ಇಷ್ಟು: ಕಾಫಿ ಮಂಡಳಿಯಲ್ಲಿ ನೋಂದಣಿ ಮಾಡಿಸಿ, ತೋಟದ ಬಿಂದು ಸರಿ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ. 10 ಎಕರೆ ಮೀರಿದರೆ ಗಡಿಯ ನಕ್ಷೆ ಮಾಡಿಸಿ. ಸಿಲ್ವರ್ ಓಕ್ ಕಡಿಸುವ ಮುಂಚೆ, ಮರಗಸಿಗೆ ಮುಂಚೆ, ಆಮೇಲೆ ದಿನಾಂಕ ಕಾಣುವ ಹಾಗೆ ಫೋಟೊ ತೆಗೆದಿಡಿ. ವ್ಯಾಪಾರಿಗೆ ಚೆರ್ರಿ ಕೊಡುವಾಗ ತೂಕದ ಚೀಟಿಯ ಮೇಲೆ ತೋಟದ ಸರ್ವೆ ನಂಬರ್ ಬರೆಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.